ಅರೆ-ಅಲೆಮಾರಿ ಪ್ರವಾಸ ಜೀವನ

ಅರೆ-ಅಲೆಮಾರಿ ಪ್ರವಾಸ ಜೀವನ ಎಂದರೆ ಒಂದು ಊರಿನಲ್ಲಿ ಮನೆ, ವಿಳಾಸ ಮತ್ತು ಬಂಧುತ್ವದ ನಂಟನ್ನು ಉಳಿಸಿಕೊಂಡು, ವರ್ಷದ ಹಲವು ತಿಂಗಳುಗಳನ್ನು ಅಥವಾ ಸತತವಾಗಿ ಕೆಲವು ವರ್ಷಗಳನ್ನು ಬೇರೆ ಬೇರೆ ನಾಡುಗಳಲ್ಲಿ ಸಂಚರಿಸುತ್ತ ಕಳೆಯುವ ಜೀವನಕ್ರಮ. ರಜೆಯ ಪ್ರವಾಸಕ್ಕೆ ಸಾಮಾನು ಕಟ್ಟಿಕೊಳ್ಳುವುದೇ ಮುಖ್ಯ ಸಿದ್ಧತೆಯಾದರೆ, ಈ ಬಗೆಯ ಜೀವನಕ್ಕೆ ಹಿಂದೆ ಬಿಟ್ಟು ಹೋಗುವ ಮನೆ, ಹಣಕಾಸು, ದಾಖಲೆಗಳು ಮತ್ತು ಅವಲಂಬಿತರ ವ್ಯವಸ್ಥೆಯೇ ಮುಖ್ಯವಾಗುತ್ತದೆ. ಕರ್ನಾಟಕದ ಮೈಸೂರು ನಗರ ಮತ್ತು ಜಿಲ್ಲೆಯಲ್ಲಿ ಇದರ ಹಲವು ನಿದರ್ಶನಗಳಿವೆ. ತಾಯಿಯೊಡನೆ ಸ್ಕೂಟರಿನಲ್ಲಿ ದೇಶ ಸುತ್ತಿದ ಡಿ. ಕೃಷ್ಣಕುಮಾರ್ ಅವರ ಯಾತ್ರೆ, ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದ ವಿದೇಶ ಸಂಚಾರ, ವಿದೇಶದಲ್ಲಿರುವ ಮಕ್ಕಳ ಮನೆಗೂ ತಮ್ಮ ಮನೆಗೂ ನಡುವೆ ವರ್ಷವನ್ನು ಹಂಚಿಕೊಳ್ಳುವ ನಿವೃತ್ತರ ಓಡಾಟ ಹಾಗೂ ಯೋಗಾಭ್ಯಾಸಕ್ಕಾಗಿ ಗೋಕುಲಂ ಬಡಾವಣೆಗೆ ಬಂದು ತಂಗುವ ವಿದೇಶೀಯರ ವಾಸ ಇವುಗಳಲ್ಲಿ ಮುಖ್ಯವಾದವು.

ಸ್ವರೂಪ

ಪೂರ್ಣ ಅಲೆಮಾರಿಗಳು ಮನೆಯನ್ನು ತಮ್ಮೊಡನೆಯೇ ಕೊಂಡೊಯ್ಯುತ್ತಾರೆ. ಸಾಮಾನ್ಯ ಪ್ರವಾಸಿಯು ರಜೆ ಮುಗಿದೊಡನೆ ಮನೆಗೆ ಮರಳುತ್ತಾನೆ. ಅರೆ-ಅಲೆಮಾರಿಯ ಬದುಕು ಇವೆರಡರ ನಡುವಿನದು. ಇದಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು: ಮರಳಿ ಬರಲು ಒಂದು ನೆಲೆಯೂರು ಇರುತ್ತದೆ, ಸಂಚಾರದ ಅವಧಿ ದಿನಗಳಲ್ಲಲ್ಲದೆ ತಿಂಗಳುಗಳಲ್ಲಿ ಎಣಿಕೆಯಾಗುತ್ತದೆ, ಜೀವನೋಪಾಯವು ಸಂಚಾರಿಯ ಜೊತೆಯಲ್ಲೇ ಸಾಗುತ್ತದೆ ಅಥವಾ ಪಿಂಚಣಿ, ಬಾಡಿಗೆ, ಬಡ್ಡಿಗಳ ರೂಪದಲ್ಲಿ ನೆಲೆಯೂರಿನಿಂದ ಬರುತ್ತದೆ.

ಸಂಚಾರ ಮತ್ತು ತಂಗುವಿಕೆಯನ್ನು ಹೀಗೆ ಹೊಂದಿಸಿಕೊಳ್ಳುವ ಕ್ರಮ ಭಾರತಕ್ಕೆ ಹೊಸದಲ್ಲ. ಸಂನ್ಯಾಸಿಗಳು ಮತ್ತು ಜೈನ ಮುನಿಗಳು ವರ್ಷದ ಉಳಿದ ಕಾಲದಲ್ಲಿ ಸಂಚರಿಸಿ, ಮಳೆಗಾಲದಲ್ಲಿ ಒಂದೇ ಸ್ಥಳದಲ್ಲಿ ನಿಲ್ಲುವ ಚಾತುರ್ಮಾಸ್ಯ ವ್ರತವು ಇದರ ಹಳೆಯ ಮಾದರಿ. ವೀರಶೈವ ಪರಂಪರೆಯ ‘ಜಂಗಮ’ ಎಂಬ ಮಾತಿನಲ್ಲೂ ಚಲನೆಯ ಅರ್ಥವಿದ್ದು, ಅದು ‘ಸ್ಥಾವರ’ಕ್ಕೆ ಎದುರಾಗಿ ಬಳಕೆಯಲ್ಲಿದೆ.

ಹಿನ್ನೆಲೆ

ಪರಿವ್ರಾಜಕರಾಗಿ ಭಾರತವನ್ನು ಸುತ್ತುತ್ತಿದ್ದ ಸ್ವಾಮಿ ವಿವೇಕಾನಂದರು 1892ರಲ್ಲಿ ಮೈಸೂರಿಗೆ ಬಂದರು. ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಮೂಲಕ ಅವರಿಗೆ ಮಹಾರಾಜ ಹತ್ತನೆಯ ಚಾಮರಾಜ ಒಡೆಯರ್ ಅವರ ಪರಿಚಯವಾಯಿತು. ಮರುವರ್ಷ, 1893ರ ಮೇ 31ರಂದು, ಅವರು ಮುಂಬಯಿಯಿಂದ ಹಡಗಿನಲ್ಲಿ ಹೊರಟು ಅಮೆರಿಕ ತಲುಪಿದರು. ಅಂದು ದೂರಪ್ರಯಾಣಕ್ಕೆ ಬೇಕಾಗಿದ್ದ ಮುಖ್ಯ ಬಂಡವಾಳ ರಾಜಾಶ್ರಯ ಮತ್ತು ಪರಿಚಯಪತ್ರಗಳು. ಇಂದು ಆ ಸ್ಥಾನವನ್ನು ಪಾಸ್‌ಪೋರ್ಟ್, ವೀಸಾ ಮತ್ತು ಬ್ಯಾಂಕ್ ಖಾತೆಗಳು ಪಡೆದಿವೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಧ್ಯಮವರ್ಗದ ಕನ್ನಡಿಗರ ವಿದೇಶವಾಸ ಹೆಚ್ಚಿದಂತೆ ಅದು ಸಾಹಿತ್ಯದ ವಸ್ತುವೂ ಆಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.

ಮೈಸೂರಿನ ನಿದರ್ಶನಗಳು

ಮಾತೃ ಸೇವಾ ಸಂಕಲ್ಪ ಯಾತ್ರೆ

ಮೈಸೂರಿನ ಡಿ. ಕೃಷ್ಣಕುಮಾರ್ ಅವರು ಬೆಂಗಳೂರಿನ ಖಾಸಗಿ ಉದ್ಯೋಗವನ್ನು ಬಿಟ್ಟು, ತಾಯಿ ಚೂಡಾರತ್ನಮ್ಮ ಅವರನ್ನು ಕೂರಿಸಿಕೊಂಡು 2018ರ ಜನವರಿ 16ರಂದು ಬಜಾಜ್ ಚೇತಕ್ ಸ್ಕೂಟರಿನಲ್ಲಿ ಯಾತ್ರೆ ಆರಂಭಿಸಿದರು. ದಶಕಗಳ ಕಾಲ ಕೂಡು ಕುಟುಂಬದ ಮನೆಗೆಲಸದಲ್ಲೇ ಕಳೆದ ತಾಯಿ ಹತ್ತಿರದ ಬೇಲೂರನ್ನೂ ನೋಡಿರಲಿಲ್ಲವೆಂಬುದು ಯಾತ್ರೆಗೆ ಪ್ರೇರಣೆ. ಸ್ಕೂಟರು ಅವರ ತಂದೆ ಕೊಡಿಸಿದ್ದು. ತಂದೆಯ ಮರಣಾನಂತರ ಅದೇ ವಾಹನವನ್ನು ಬಳಸುವುದರಿಂದ ಅವರೂ ಜೊತೆಯಲ್ಲಿರುವಂತಾಗುತ್ತದೆ ಎಂಬುದು ಕೃಷ್ಣಕುಮಾರ್ ಅವರ ಭಾವನೆ. ಪ್ರಯಾಣದ ವೆಚ್ಚಕ್ಕೆ ಉದ್ಯೋಗಕಾಲದ ಉಳಿತಾಯವನ್ನು ಬಳಸಿಕೊಂಡು, ಮಠ, ಆಶ್ರಮ ಮತ್ತು ದೇವಾಲಯಗಳ ವಸತಿಗಳಲ್ಲಿ ತಂಗುವುದು ಅವರ ಕ್ರಮವಾಗಿತ್ತು.

ಭಾರತದ ರಾಜ್ಯಗಳಲ್ಲದೆ ನೇಪಾಳ, ಭೂತಾನ್ ಮತ್ತು ಮ್ಯಾನ್ಮಾರ್‌ಗಳನ್ನೂ ಈ ಯಾತ್ರೆ ಒಳಗೊಂಡಿತ್ತು. 2020ರಲ್ಲಿ ಕೋವಿಡ್ ಲಾಕ್‌ಡೌನ್ ಘೋಷಣೆಯಾದಾಗ ತಾಯಿ-ಮಗ ಭೂತಾನ್ ಗಡಿಯ ಸಮೀಪ ಸುಮಾರು ಒಂದೂ ಮುಕ್ಕಾಲು ತಿಂಗಳು ನಿಲ್ಲಬೇಕಾಯಿತು. 56,522 ಕಿಲೋಮೀಟರ್ ಕ್ರಮಿಸಿ ಅವರು 2020ರ ಸೆಪ್ಟೆಂಬರ್‌ನಲ್ಲಿ ಮೈಸೂರಿಗೆ ಮರಳಿದರು. ಯಾತ್ರೆಯ ಸುದ್ದಿ ತಿಳಿದ ಉದ್ಯಮಿ ಆನಂದ್ ಮಹೀಂದ್ರಾ ಅವರು ಕಾರೊಂದನ್ನು ಉಡುಗೊರೆಯಾಗಿ ನೀಡಿದರೂ, 2022ರ ಆಗಸ್ಟ್ 15ರಂದು ಯಾತ್ರೆ ಮುಂದುವರಿದದ್ದು ಅದೇ ಸ್ಕೂಟರಿನಲ್ಲಿ.

ಹಕ್ಕಿಪಿಕ್ಕಿ ಸಮುದಾಯದ ವಿದೇಶ ಸಂಚಾರ

ಹಕ್ಕಿಪಿಕ್ಕಿಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲೊಂದು. ಹಕ್ಕಿ ಹಿಡಿಯುವುದು ಮತ್ತು ಬೇಟೆ ಇವರ ಹಿಂದಿನ ಕಸುಬು, ಮನೆಮಾತು ವಾಗ್ರಿ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಇವರ ಮುಖ್ಯ ನೆಲೆಗಳಲ್ಲೊಂದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಕಸುಬು ನಿಂತುಹೋಗಿ, ಸಮುದಾಯದ ಅನೇಕರು ಪ್ಲಾಸ್ಟಿಕ್ ಹೂ, ಗಿಡಮೂಲಿಕೆ ಮತ್ತು ಕೇಶತೈಲಗಳ ವ್ಯಾಪಾರಕ್ಕೆ ತಿರುಗಿದರು. ಕ್ರಮೇಣ ಈ ವ್ಯಾಪಾರ ಆಗ್ನೇಯ ಏಷ್ಯಾ ಮತ್ತು ಆಫ್ರಿಕದ ದೇಶಗಳಿಗೂ ವಿಸ್ತರಿಸಿತು. ತಿಂಗಳುಗಟ್ಟಲೆ ಹೊರಗಿದ್ದು, ಗಳಿಸಿದ್ದನ್ನು ಊರಿನ ಮನೆ, ಮದುವೆ, ಮಕ್ಕಳ ಓದು ಮತ್ತು ಸಾಲಗಳಿಗೆ ವಿನಿಯೋಗಿಸಿ ಮತ್ತೆ ಹೊರಡುವ ಈ ಕ್ರಮವು ಅರೆ-ಅಲೆಮಾರಿ ಜೀವನಕ್ಕೆ ನೇರ ಉದಾಹರಣೆ.

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಗಳ ನಡುವೆ ಯುದ್ಧ ಆರಂಭವಾದಾಗ, ಮೈಸೂರು ಜಿಲ್ಲೆಯವರೂ ಸೇರಿದಂತೆ ಕರ್ನಾಟಕದ 150ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಅಲ್ಲಿ ಸಿಲುಕಿಕೊಂಡರು. ಅವರಲ್ಲಿ ಅನೇಕರು ಸಾಲ ಮಾಡಿ ಸರಕು ಕೊಂಡು ಹೋಗಿದ್ದರೆಂದು ವರದಿಯಾಯಿತು. ಭಾರತ ಸರ್ಕಾರ ಏಪ್ರಿಲ್ 24ರಂದು ಆರಂಭಿಸಿದ ‘ಆಪರೇಷನ್ ಕಾವೇರಿ’ ಕಾರ್ಯಾಚರಣೆಯಲ್ಲಿ ಅವರನ್ನು ಸ್ವದೇಶಕ್ಕೆ ಕರೆತರಲಾಯಿತು. ಪೋರ್ಟ್ ಸುಡಾನ್‌ನಿಂದ ಜೆಡ್ಡಾ ಮಾರ್ಗವಾಗಿ ನಡೆದ ಈ ಕಾರ್ಯಾಚರಣೆಯಲ್ಲಿ ಒಟ್ಟು 3,862 ಮಂದಿ ಪಾರಾದರು.

ನಿವೃತ್ತರ ಓಡಾಟ

ನಿವೃತ್ತರ ಊರೆಂದು ಹೆಸರಾದ ಮೈಸೂರಿನಲ್ಲಿ, ವಿದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳಿದ್ದು ಹಿಂದಿರುಗುವ ತಂದೆತಾಯಿಗಳು ಸಾಕಷ್ಟಿದ್ದಾರೆ. ಅಮೆರಿಕದಲ್ಲಿ ಸಂದರ್ಶಕ ವೀಸಾದ ಮೇಲೆ ಬಂದವರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಸಿಗುವುದರಿಂದ, ‘ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ’ ಎಂಬ ರೂಢಿ ಬೆಳೆದಿದೆ. ಇವರು ತಮ್ಮನ್ನು ಅಲೆಮಾರಿಗಳೆಂದು ಕರೆದುಕೊಳ್ಳದಿದ್ದರೂ, ಮುಚ್ಚಿದ ಮನೆ, ಪಿಂಚಣಿ, ಔಷಧ ಮತ್ತು ವಿಮೆಗಳ ಸಮಸ್ಯೆ ಇವರಿಗೂ ಒಂದೇ.

ಗೋಕುಲಂನ ಯೋಗಾಭ್ಯಾಸಿಗಳು

ಟಿ. ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ನಡೆಸುತ್ತಿದ್ದ ಯೋಗಶಾಲೆ ಮತ್ತು ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸ್ (1915–2009) 1948ರಲ್ಲಿ ಸ್ಥಾಪಿಸಿದ ಅಷ್ಟಾಂಗ ಯೋಗ ಸಂಸ್ಥೆಯ ಮೂಲಕ ಮೈಸೂರು ಯೋಗಾಭ್ಯಾಸಿಗಳ ತಾಣವಾಯಿತು. ಸಂಸ್ಥೆಯು ಲಕ್ಷ್ಮೀಪುರಂನಿಂದ ಗೋಕುಲಂಗೆ ಸ್ಥಳಾಂತರಗೊಂಡ ಬಳಿಕ ಆ ಬಡಾವಣೆಯಲ್ಲಿ ವಿದೇಶೀಯರಿಗೆ ತಿಂಗಳ ಲೆಕ್ಕದಲ್ಲಿ ಕೋಣೆ ಬಾಡಿಗೆಗೆ ಕೊಡುವ ಪದ್ಧತಿ ಬೆಳೆಯಿತು. ಬೇರೆಯವರ ಅರೆ-ಅಲೆಮಾರಿ ಜೀವನಕ್ಕೆ ಮೈಸೂರು ಇಲ್ಲಿ ತಂಗುದಾಣವಾಗಿದೆ. ವಿದೇಶಿ ಅತಿಥಿಗೆ ವಸತಿ ನೀಡಿದವರು 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಮಾಹಿತಿ ಸಲ್ಲಿಸಬೇಕೆಂಬ ನಿಯಮ ಮನೆ ಮಾಲೀಕರಿಗೂ ಅನ್ವಯಿಸುತ್ತದೆ.

ಸಿದ್ಧತೆಯ ಅಂಗಗಳು

ಗುರುತು ಮತ್ತು ಪ್ರಯಾಣದ ದಾಖಲೆಗಳು

ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವೆ ನೀಡುವ ಯೋಜನೆಯು ದೇಶದಲ್ಲೇ ಮೊದಲಿಗೆ 2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಅದಕ್ಕೆ ಮೊದಲು ಮೈಸೂರಿನವರು ಈ ಕೆಲಸಕ್ಕಾಗಿ ಬೇರೆ ಊರಿಗೆ ಹೋಗಬೇಕಾಗುತ್ತಿತ್ತು.

ವಯಸ್ಕರ ಪಾಸ್‌ಪೋರ್ಟಿನ ಅವಧಿ 10 ವರ್ಷ. ಇದು 36 ಮತ್ತು 60 ಪುಟಗಳಲ್ಲಿ ದೊರೆಯುತ್ತದೆ. ಅನೇಕ ದೇಶಗಳು ವೀಸಾವನ್ನು ಪೂರ್ಣ ಪುಟಕ್ಕೆ ಅಂಟಿಸುವುದರಿಂದ ದೀರ್ಘ ಸಂಚಾರಕ್ಕೆ 60 ಪುಟಗಳದ್ದು ಅನುಕೂಲ. ಪ್ರವೇಶದ ವೇಳೆಗೆ ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಹಲವು ದೇಶಗಳು ಬಯಸುತ್ತವೆ. ಆದ್ದರಿಂದ ಎರಡು ವರ್ಷಗಳ ಸಂಚಾರಕ್ಕೆ ಹೊರಡುವವರು ಪಾಸ್‌ಪೋರ್ಟಿನ ಅವಧಿಯನ್ನು ಎರಡೂವರೆ ವರ್ಷವೆಂದು ಲೆಕ್ಕ ಹಾಕಬೇಕಾಗುತ್ತದೆ. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟುಗಳಿಗೆ ಸಾಮಾನ್ಯವಾಗಿ ‘ವಲಸೆ ತಪಾಸಣೆ ಅಗತ್ಯ’ ಎಂಬ ವರ್ಗ ಅನ್ವಯಿಸುತ್ತದೆ. ಇಂಥವರು ಉದ್ಯೋಗಕ್ಕಾಗಿ ಸುಡಾನ್ ಸೇರಿದಂತೆ ನಿಗದಿತ 18 ದೇಶಗಳಿಗೆ ಹೋಗಲು 1983ರ ವಲಸೆ ಕಾಯ್ದೆಯ ಅಡಿಯಲ್ಲಿ ಅನುಮತಿ ಪಡೆಯಬೇಕು.

ವೀಸಾ ಮತ್ತು ದಿನಗಳ ಎಣಿಕೆ

ದೀರ್ಘ ಸಂಚಾರದ ಮಾರ್ಗವನ್ನು ನಿರ್ಧರಿಸುವುದು ಬಹುಮಟ್ಟಿಗೆ ವೀಸಾ ನಿಯಮಗಳು. ಯೂರೋಪಿನ ಷೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಪಾವಧಿ ವಾಸ ಸಾಧ್ಯ. ವಲಯದೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೋದರೂ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. ಭಾರತೀಯರು ನೇಪಾಳ ಮತ್ತು ಭೂತಾನ್‌ಗಳಿಗೆ ವೀಸಾ ಇಲ್ಲದೆ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯೊಡನೆ ಹೋಗಬಹುದು. ಭೂತಾನ್‌ನಲ್ಲಿ ಪ್ರವೇಶಪತ್ರ ಪಡೆಯಬೇಕು. 2022ರಿಂದ ಭಾರತೀಯ ಪ್ರವಾಸಿಗಳು ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನೂ ತೆರಬೇಕು. ಪ್ರವಾಸಿ ವೀಸಾದ ಮೇಲೆ ವ್ಯಾಪಾರ ಅಥವಾ ಕೂಲಿ ಮಾಡುವುದು ಹೆಚ್ಚಿನ ದೇಶಗಳಲ್ಲಿ ಕಾನೂನುಬಾಹಿರ. ದುಡಿಯುತ್ತಲೇ ಸಂಚರಿಸುವವರು ಹೊರಡುವ ಮೊದಲೇ ಇದನ್ನು ಪರಿಶೀಲಿಸಬೇಕಾಗುತ್ತದೆ.

ಹಣ ಮತ್ತು ತೆರಿಗೆ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ವಿದೇಶಕ್ಕೆ ಕಳುಹಿಸಬಹುದು ಅಥವಾ ಅಲ್ಲಿ ಖರ್ಚು ಮಾಡಬಹುದು. ನೋಟುಗಳ ರೂಪದಲ್ಲಿ ಒಯ್ಯುವ ವಿದೇಶಿ ಹಣಕ್ಕೆ, ಹೆಚ್ಚಿನ ದೇಶಗಳ ಮಟ್ಟಿಗೆ, ಪ್ರಯಾಣವೊಂದಕ್ಕೆ 3,000 ಡಾಲರ್ ಮಿತಿಯಿದೆ. ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಕಾಲ ಭಾರತದಲ್ಲಿದ್ದವರು ಆದಾಯ ತೆರಿಗೆಯ ದೃಷ್ಟಿಯಿಂದ ನಿವಾಸಿಗಳೆನಿಸುತ್ತಾರೆ. ಹಿಂದಿನ ವರ್ಷಗಳ ವಾಸವನ್ನೂ ಪರಿಗಣಿಸುವ ಬೇರೆ ಷರತ್ತುಗಳಿರುವುದರಿಂದ, ಅದಕ್ಕಿಂತ ಕಡಿಮೆ ದಿನ ಇದ್ದವರೂ ನಿವಾಸಿಗಳಾಗಬಹುದು. ಹೀಗಾಗಿ ಹೊರಟ ಮತ್ತು ಮರಳಿದ ದಿನಾಂಕಗಳ ದಾಖಲೆ ಇಟ್ಟುಕೊಳ್ಳುವುದು ತೆರಿಗೆಯ ಲೆಕ್ಕಕ್ಕೂ ಅಗತ್ಯ.

ಬ್ಯಾಂಕ್ ವ್ಯವಹಾರದ ಒಂದು ಬಾರಿಯ ಗುಪ್ತಸಂಖ್ಯೆಗಳು ಮೊಬೈಲಿಗೆ ಬರುವುದರಿಂದ, ಭಾರತದ ಮೊಬೈಲ್ ಸಂಖ್ಯೆ ನಿಷ್ಕ್ರಿಯವಾದರೆ ಖಾತೆಯಲ್ಲಿ ಹಣವಿದ್ದೂ ಉಪಯೋಗಕ್ಕೆ ಬಾರದಂತಾಗಬಹುದು. ವಿದೇಶದಲ್ಲೂ ಸಂದೇಶ ಬರುವಂತೆ ಸಂಖ್ಯೆಯನ್ನು ಚಾಲ್ತಿಯಲ್ಲಿಡುವುದು, ಎರಡು ಬ್ಯಾಂಕುಗಳ ಕಾರ್ಡುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಇಟ್ಟುಕೊಳ್ಳುವುದು, ಹಿಂದಿರುಗುವ ಟಿಕೆಟ್ಟಿನಷ್ಟು ಹಣವನ್ನು ಮುಟ್ಟದೆ ಉಳಿಸುವುದು ಸಾಮಾನ್ಯ ಎಚ್ಚರಿಕೆಗಳು. ಸಾಲದ ಬಂಡವಾಳದಲ್ಲಿ ಹೊರಟವರಿಗೆ ಈ ಕೊನೆಯ ಎಚ್ಚರಿಕೆ ಕಷ್ಟಸಾಧ್ಯ. ಸರಕು ಮಾರಾಟವಾಗುವ ಮುನ್ನ ಮರಳುವುದು ಅವರಿಗೆ ಸಾಲದೊಡನೆ ಮರಳುವುದೇ ಆಗುತ್ತದೆ.

ಪಿಂಚಣಿದಾರರು ಪ್ರತಿ ವರ್ಷ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. 2014ರಲ್ಲಿ ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಿಂದ ಇದನ್ನು ಆಧಾರ್ ಮೂಲಕ ಡಿಜಿಟಲ್ ರೂಪದಲ್ಲಿ ನೀಡಲು ಸಾಧ್ಯವಾಗಿದೆ.

ಮನೆ ಮತ್ತು ಆಸ್ತಿ

ಮನೆಯನ್ನು ಮುಚ್ಚಿಡುವುದು, ಬಾಡಿಗೆಗೆ ಅಥವಾ ಭೋಗ್ಯಕ್ಕೆ ಕೊಡುವುದು, ಬಂಧುಗಳ ವಾಸಕ್ಕೆ ಬಿಡುವುದು ಮುಖ್ಯ ಆಯ್ಕೆಗಳು. ಬಾಡಿಗೆಯಿಂದ ಸಂಚಾರಕ್ಕೆ ಆದಾಯ ದೊರೆಯುತ್ತದೆ. ಆದರೆ ಅನಿರೀಕ್ಷಿತವಾಗಿ ಮರಳಿದಾಗ ತಂಗಲು ಸ್ವಂತ ಮನೆ ಇಲ್ಲದಂತಾಗುತ್ತದೆ. ಈ ಕಾರಣಕ್ಕೆ ಕೆಲವರು ಒಂದು ಕೋಣೆಯನ್ನು ಅಥವಾ ಮಹಡಿಯನ್ನು ತಮಗಾಗಿ ಉಳಿಸಿಕೊಂಡು ಉಳಿದ ಭಾಗವನ್ನು ಬಾಡಿಗೆಗೆ ಕೊಡುತ್ತಾರೆ. ಮುಚ್ಚಿದ ಮನೆಗೆ ಮಳೆಗಾಲದ ತೇವ ಮತ್ತು ಗೆದ್ದಲಿನ ಕಾಟವಿರುವುದರಿಂದ, ತಿಂಗಳಿಗೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸುವವರು ಬೇಕಾಗುತ್ತಾರೆ. ದೀರ್ಘಕಾಲ ಮನೆ ಖಾಲಿಯಿರುವುದನ್ನು ಸ್ಥಳೀಯ ಪೊಲೀಸ್ ಠಾಣೆಗೆ ತಿಳಿಸುವುದು ರೂಢಿ.

ನಗರಪಾಲಿಕೆಯ ಆಸ್ತಿ ತೆರಿಗೆ, ನೀರಿನ ಕಂದಾಯ ಮತ್ತು ಸೆಸ್ಕ್ ವಿದ್ಯುತ್ ಬಿಲ್ಲುಗಳ ಪಾವತಿಗೆ ಒಬ್ಬರನ್ನು ನೇಮಿಸಬೇಕು. ಆಸ್ತಿಗೆ ಸಂಬಂಧಿಸಿದ ಸಹಿ ಬೇಕಾಗುವ ಕೆಲಸಗಳಿಗೆ ಅಧಿಕಾರಪತ್ರ, ಅಂದರೆ ಆಡುಮಾತಿನ ‘ಜಿಪಿಎ’, ಮಾಡಿಕೊಡಲಾಗುತ್ತದೆ. ಕೊಡುವ ಅಧಿಕಾರ ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂಬುದನ್ನು ಸ್ಪಷ್ಟವಾಗಿ ಬರೆದ ಸೀಮಿತ ಅಧಿಕಾರಪತ್ರವು ಹೆಚ್ಚು ಸುರಕ್ಷಿತ. ವಿದೇಶದಲ್ಲಿದ್ದಾಗ ಬರೆದುಕೊಟ್ಟ ಪತ್ರಕ್ಕೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಪಾವತಿಸಬೇಕು. ಹೊರಡುವ ಮುನ್ನ ಉಯಿಲು ಬರೆದು, ಬ್ಯಾಂಕ್ ಖಾತೆಗಳ ನಾಮನಿರ್ದೇಶನಗಳನ್ನು ಪರಿಶೀಲಿಸಿಡುವುದೂ ಸಿದ್ಧತೆಯ ಭಾಗ.

ಆರೋಗ್ಯ

ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಅನೇಕ ದೇಶಗಳ ಸಂಚಾರಕ್ಕೆ ಹಳದಿ ಜ್ವರದ ಲಸಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಬೇಕು. ಲಸಿಕೆ ಪಡೆದ 10 ದಿನಗಳ ನಂತರ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ. 2016ರ ಜುಲೈನಿಂದ ಅದು ಜೀವನಪರ್ಯಂತ ಮಾನ್ಯ. ಲಸಿಕೆಯನ್ನು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಪಡೆಯಬೇಕು. ಆ ರೋಗವಿರುವ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ಅವಕಾಶವಿದೆ. 2023ರಲ್ಲಿ ಸುಡಾನ್‌ನಿಂದ ಪಾರಾಗಿ ಬಂದವರಲ್ಲಿ ಹಲವರು ಇದೇ ಕಾರಣಕ್ಕೆ ವಿಮಾನ ಇಳಿದ ಮೇಲೂ ಮನೆಗೆ ಹೋಗಲಾಗದೆ ಪ್ರತ್ಯೇಕ ವಾಸದಲ್ಲಿರಬೇಕಾಯಿತು.

ಭಾರತದ ಸಾಮಾನ್ಯ ಆರೋಗ್ಯ ವಿಮೆಗಳು ಬಹುತೇಕ ದೇಶದೊಳಗಿನ ಚಿಕಿತ್ಸೆಗೆ ಸೀಮಿತ. ಪ್ರವಾಸ ವಿಮೆಗೆ ಅವಧಿಯ ಮಿತಿ ಇರುತ್ತದೆ ಮತ್ತು ಮೊದಲೇ ಇರುವ ಕಾಯಿಲೆಗಳನ್ನು ಅದು ಹಲವು ವೇಳೆ ಹೊರಗಿಡುತ್ತದೆ. ಸಂಚಾರದಲ್ಲಿದ್ದಾಗ ಊರಿನ ವಿಮೆಯನ್ನು ನಿಲ್ಲಿಸಿದರೆ, ಮರಳಿದ ಮೇಲೆ ಹೊಸ ವಿಮೆಯ ಕಾಯುವ ಅವಧಿ ಮೊದಲಿನಿಂದ ಆರಂಭವಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ನಿತ್ಯ ಔಷಧ ಸೇವಿಸುವವರು ವೈದ್ಯರ ಚೀಟಿಯಲ್ಲಿ ಮಾತ್ರೆಯ ಮೂಲ ಔಷಧದ ಹೆಸರನ್ನು ಬರೆಸಿಕೊಳ್ಳುವುದು ಒಳ್ಳೆಯದು; ಮಾರಾಟದ ಹೆಸರುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ.

ವಾಹನ

ಸ್ವಂತ ವಾಹನದಲ್ಲಿ ಹೋಗುವವರಿಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕಾಗುತ್ತದೆ. ಇದನ್ನು ಪ್ರಾದೇಶಿಕ ಸಾರಿಗೆ ಕಚೇರಿಗಳು ನೀಡುತ್ತವೆ; ಅವಧಿ ಒಂದು ವರ್ಷ. ಅನೇಕ ದೇಶಗಳು ವಾಹನವನ್ನು ತಾತ್ಕಾಲಿಕವಾಗಿ ಒಳಬಿಡಲು ‘ಕಾರ್ನೆ’ ಎಂಬ ಸುಂಕ ಖಾತರಿ ಪುಸ್ತಿಕೆಯನ್ನು ಕೇಳುತ್ತವೆ. ವಾಹನವನ್ನು ಅಲ್ಲಿ ಮಾರದೆ ಹೊರಗೆ ತರುತ್ತೇವೆಂಬುದಕ್ಕೆ ಇದು ಆಧಾರ. ಇದಕ್ಕಾಗಿ ದೊಡ್ಡ ಮೊತ್ತದ ಠೇವಣಿ ಅಥವಾ ಬ್ಯಾಂಕ್ ಖಾತರಿ ಒದಗಿಸಬೇಕಾಗುತ್ತದೆ. ಹಳೆಯ, ಸರಳ ರಚನೆಯ ವಾಹನಗಳನ್ನು ಸಣ್ಣ ಊರುಗಳ ಮೆಕ್ಯಾನಿಕ್‌ಗಳೂ ದುರಸ್ತಿ ಮಾಡಬಲ್ಲರು. ಆದರೆ ಉತ್ಪಾದನೆ ನಿಂತ ಮಾದರಿಗಳಿಗೆ ಕ್ಲಚ್ ಕೇಬಲ್, ಸ್ಪಾರ್ಕ್ ಪ್ಲಗ್ ಮೊದಲಾದ ಬಿಡಿಭಾಗಗಳನ್ನು ಜೊತೆಯಲ್ಲೇ ಒಯ್ಯುವುದು ಸೂಕ್ತ.

ಅವಲಂಬಿತರು

ವೃದ್ಧ ತಂದೆತಾಯಿಗಳಿರುವ ಕುಟುಂಬಗಳಲ್ಲಿ ದೀರ್ಘ ಸಂಚಾರದ ನಿರ್ಧಾರಕ್ಕೆ ಮುಖ್ಯ ತೊಡಕು ಅವರ ಆರೈಕೆ. ಕೃಷ್ಣಕುಮಾರ್ ಅವರ ಯಾತ್ರೆ ಗಮನ ಸೆಳೆಯಲು ಇದೂ ಒಂದು ಕಾರಣ: ಸಂಚಾರಕ್ಕೆ ಅಡ್ಡಿಯೆಂದು ಎಣಿಸಲಾಗುವ ಹೊಣೆಯೇ ಅಲ್ಲಿ ಸಂಚಾರದ ಉದ್ದೇಶವಾಯಿತು. ಆದರೆ ಪ್ರಯಾಣ ಮಾಡಲಾಗದ ಹಿರಿಯರಿಗೆ ಈ ದಾರಿ ಒದಗುವುದಿಲ್ಲ. ಹಕ್ಕಿಪಿಕ್ಕಿ ಸಮುದಾಯದಲ್ಲಿ ದಂಪತಿಗಳು ಒಟ್ಟಿಗೆ ಹೊರಟಾಗ ಮಕ್ಕಳು ಊರಿನಲ್ಲಿ ಅಜ್ಜ-ಅಜ್ಜಿಯರ ಬಳಿ ಉಳಿಯುವುದುಂಟು. ಅಲ್ಲಿ ಹಿರಿಯರು ಅವಲಂಬಿತರಲ್ಲ. ಸಂಚಾರವನ್ನು ಸಾಧ್ಯವಾಗಿಸುವ ನೆಲೆಯೇ ಅವರು.

ಹಿಂದಿರುಗುವ ವ್ಯವಸ್ಥೆ

2020ರ ಲಾಕ್‌ಡೌನ್ ಮತ್ತು 2023ರ ಸುಡಾನ್ ಯುದ್ಧ ಎರಡೂ ಹಿಂದಿರುಗುವ ದಾರಿಯು ಮುನ್ಸೂಚನೆಯಿಲ್ಲದೆ ಮುಚ್ಚಿಹೋಗಬಹುದೆಂಬುದನ್ನು ತೋರಿಸಿದವು. ಮೊದಲ ಸಂದರ್ಭದಲ್ಲಿ ಸಂಚಾರಿಗಳು ದೇಶದೊಳಗಿದ್ದರು, ಸ್ವಂತ ವಾಹನ ಹೊಂದಿದ್ದರು ಮತ್ತು ಸಾಲದ ಹೊರೆಯಿಲ್ಲದೆ ಉಳಿತಾಯದ ಬಲದ ಮೇಲೆ ಹೊರಟಿದ್ದರು. ಎರಡನೆಯದರಲ್ಲಿ ಅವರು ಯುದ್ಧಭೂಮಿಯಲ್ಲಿದ್ದು, ಪಾರಾಗಲು ಎರಡು ಸರ್ಕಾರಗಳ ನಡುವಿನ ಏರ್ಪಾಡನ್ನು ಅವಲಂಬಿಸಬೇಕಾಯಿತು.

ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದ ಮೂಲಕ ವಿದೇಶದಲ್ಲಿರುವ ಭಾರತೀಯರು ದೂತಾವಾಸದ ನೆರವು ಕೋರಬಹುದು. ತಲುಪಿದ ದೇಶದ ಭಾರತೀಯ ದೂತಾವಾಸದಲ್ಲಿ ಹೆಸರು, ವಿಳಾಸ ಮತ್ತು ಫೋನ್ ಸಂಖ್ಯೆ ನೋಂದಾಯಿಸುವುದು, ಪಾಸ್‌ಪೋರ್ಟ್ ಮತ್ತು ವೀಸಾಗಳ ಪ್ರತಿಯನ್ನು ಊರಿನಲ್ಲಿ ಒಬ್ಬರ ಬಳಿ ಇಡುವುದು, ನಿಗದಿತ ದಿನಗಳಿಗೊಮ್ಮೆ ಇರುವ ಸ್ಥಳವನ್ನು ತಿಳಿಸುವುದು ರಕ್ಷಣಾ ಕಾರ್ಯವನ್ನು ಸುಲಭಗೊಳಿಸುತ್ತವೆ. ಪಾಸ್‌ಪೋರ್ಟ್ ಕಳೆದುಹೋದಲ್ಲಿ ಮರಳಲು ದೂತಾವಾಸವು ತುರ್ತು ಪ್ರಮಾಣಪತ್ರ ನೀಡುತ್ತದೆ. ಅದು ಭಾರತಕ್ಕೆ ಒಮ್ಮುಖ ಪ್ರಯಾಣಕ್ಕೆ ಮಾತ್ರ ಸಲ್ಲುತ್ತದೆ.

ಸಾಮಾಜಿಕ ಆಯಾಮ

ಒಂದೇ ಬಗೆಯ ಸಂಚಾರಕ್ಕೆ ಸಮಾಜ ಬೇರೆ ಬೇರೆ ಹೆಸರುಗಳನ್ನಿಡುತ್ತದೆ. ಉದ್ಯೋಗ ಬಿಟ್ಟು ಲೋಕ ಸುತ್ತುವ ನಗರವಾಸಿಯನ್ನು ಸಾಹಸಿ ಎನ್ನುವುದುಂಟು; ತಾಯಿಯೊಡನೆ ತೀರ್ಥಗಳನ್ನು ದರ್ಶಿಸುವವರನ್ನು ಯಾತ್ರಿಕರೆನ್ನುತ್ತಾರೆ; ಎಣ್ಣೆ ಮಾರಲು ಖಂಡಾಂತರ ಹೋಗುವ ಪಂಗಡದವರ ಸುದ್ದಿ ಬಹುತೇಕ ಅವರು ಸಂಕಟಕ್ಕೆ ಸಿಲುಕಿದಾಗಲೇ ಬರುತ್ತದೆ. ಇವರಲ್ಲಿ ಸಂಚಾರದ ದೀರ್ಘ ಅನುಭವ ಹಕ್ಕಿಪಿಕ್ಕಿಗಳದು. ಅದೇ ವೇಳೆ ಉಳಿತಾಯ, ವಿಮೆ, ಲಸಿಕೆ ಮತ್ತು ಕಾನೂನು ಮಾಹಿತಿಗಳು ಸುಲಭವಾಗಿ ಕೈಗೆಟುಕದಿರುವುದೂ ಅವರಿಗೇ. ಅರೆ-ಅಲೆಮಾರಿ ಜೀವನದ ಅಪಾಯವು ಕ್ರಮಿಸಿದ ದೂರಕ್ಕಿಂತ ಹೆಚ್ಚಾಗಿ, ಹೊರಡುವ ಮುನ್ನ ನೆಲೆಯೂರಿನಲ್ಲಿ ಒದಗಿಬಂದ ಈ ಸೌಲಭ್ಯಗಳನ್ನು ಅವಲಂಬಿಸಿದೆ.